ಹೋಳಿಗೆ ಇರಲಿ, ಕಾಫಿಯ ಸಕ್ಕರೆ ಬಿಡಿ

ಸಿಹಿ ಬಿಡುತ್ತೇನೆ ಎಂದು ಹೊರಟವರು ಮೊದಲು ಕೈಬಿಡುವುದು ಮೈಸೂರು ಪಾಕನ್ನು. ಮದುವೆ ಊಟದಲ್ಲಿ ಚಿರೋಟಿ ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಮರುದಿನ ಬೆಳಿಗ್ಗೆ ಮಾಮೂಲಿನಂತೆ ಎರಡು ಚಮಚ ಸಕ್ಕರೆ ಹಾಕಿದ ಕಾಫಿ. ಹನ್ನೊಂದಕ್ಕೆ ಇನ್ನೊಂದು, ಸಂಜೆ ಮತ್ತೊಂದು.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಟೀ ಚಮಚ ಸಕ್ಕರೆ ಎಂದರೆ 4ರಿಂದ 5 ಗ್ರಾಂ. ಮೂರು ಕಾಫಿಗೆ ಆರು ಚಮಚ, ಅಂದರೆ 24–30 ಗ್ರಾಂ. ದಿನದ ಒಟ್ಟು ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ 10 ದಾಟಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 2,000 ಕ್ಯಾಲೊರಿ ತಿನ್ನುವವರಿಗೆ ಶೇ 10 ಎಂದರೆ 50 ಗ್ರಾಂ, ಶೇ 5 ಎಂದರೆ 25 ಗ್ರಾಂ. ಬೆಲ್ಲ, ಜೇನುತುಪ್ಪ, ಹಣ್ಣಿನ ರಸ ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ. ಅಂದರೆ ಬಿಸ್ಕತ್ತು ಮುಟ್ಟುವ ಮೊದಲೇ 25 ಗ್ರಾಂ ಕಾಫಿಯಲ್ಲೇ ಮುಗಿಯಿತು. ಹಬ್ಬ ವರ್ಷಕ್ಕೆ ಹತ್ತೋ ಹನ್ನೆರಡೋ. ಕಾಫಿ ದಿನಕ್ಕೆ ಮೂರು. ಮೊದಲು ಯಾವುದನ್ನು ಹಿಡಿಯಬೇಕು, ನೀವೇ ಹೇಳಿ.

ಶುರು ಮಾಡುವ ಮುನ್ನ

ನಿಮಗೆ ಈಗಾಗಲೇ ಶುಗರ್ ಇದ್ದು, ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಏಕಾಏಕಿ ಆಹಾರ ಬದಲಿಸಬೇಡಿ. ಔಷಧಿ ಅಷ್ಟೇ ಇದ್ದು ತಿನ್ನುವುದು ಕಮ್ಮಿಯಾದರೆ ರಕ್ತದ ಸಕ್ಕರೆ ತೀರಾ ಕುಸಿಯಬಹುದು. ಕೈ ನಡುಗಿ, ಬೆವರು ಬಂದು, ತಲೆ ಸುತ್ತುವಾಗ ಸಕ್ಕರೆಯೇ ಔಷಧಿ. ಆಗ ಪಥ್ಯ ನೆನಪಿಸಿಕೊಳ್ಳಬಾರದು.

ಒಂದನೇ ಹೆಜ್ಜೆ: ದಿನಸಿ ಚೀಟಿ

ಯಾರು ಎಷ್ಟು ತಿಂದರು ಎಂದು ಡೈರಿ ಬರೆಯುವುದು ನಾಲ್ಕು ದಿನ ನಡೆಯುತ್ತದೆ, ಅಷ್ಟೇ. ಅದರ ಬದಲು ತಿಂಗಳ ದಿನಸಿ ಚೀಟಿ ನೋಡಿ. ನಾಲ್ಕು ಜನರ ಮನೆಗೆ 5 ಕೆ.ಜಿ. ಸಕ್ಕರೆ ಬರುತ್ತಿದ್ದರೆ, ತಲೆಗೆ ದಿನಕ್ಕೆ 40 ಗ್ರಾಂ ದಾಟಿತು. ಬೆಲ್ಲ, ಬಿಸ್ಕತ್ತು, ಹೊರಗಿನ ಕಾಫಿ ಇದರಲ್ಲಿ ಸೇರಿಲ್ಲ. ದಿನಕ್ಕೆ 25 ಗ್ರಾಂ ಸಾಕು ಎಂದರೆ ಇದೇ ಮನೆಗೆ ಬೆಲ್ಲವೂ ಸೇರಿ ತಿಂಗಳಿಗೆ 3 ಕೆ.ಜಿ. ಸಾಕು. ಒಂದೇ ಸಲ 5ರಿಂದ 3ಕ್ಕೆ ಇಳಿಸಬೇಡಿ, ಮನೆಯಲ್ಲಿ ಜಗಳವಾಗುತ್ತದೆ. ತಿಂಗಳಿಗೆ ಅರ್ಧ ಕೆ.ಜಿ. ಕಮ್ಮಿ ಬರೆಯಿರಿ. ಡಬ್ಬಿ ಖಾಲಿಯಾದರೆ ಮುಂದಿನ ತಿಂಗಳವರೆಗೆ ಅಂಗಡಿಗೆ ಓಡಬೇಡಿ.

ಎರಡನೇ ಹೆಜ್ಜೆ: ಕಾಫಿ, ಚಹಾ

ಇಲ್ಲಿ ಅವಸರ ಬೇಡ. ಮೊದಲು ಚಮಚದ ತಲೆ ಸವರಿ. ಗೋಪುರದಂತೆ ತುಂಬಿದ ಎರಡು ಚಮಚ ಎಂದರೆ ನಿಜಕ್ಕೂ ಮೂರು. ಎರಡು ವಾರ ಹಾಗೇ ಕುಡಿಯಿರಿ. ಆಮೇಲೆ ಒಂದೂವರೆ, ಇನ್ನೆರಡು ವಾರ ಬಿಟ್ಟು ಒಂದು, ಆಮೇಲೆ ಅರ್ಧ. ನಾಲಿಗೆ ಹೊಂದಿಕೊಳ್ಳಲು ಸಮಯ ಬೇಕು. ಆದರೆ ಹೊಂದಿಕೊಂಡ ಮೇಲೆ ಹಳೆಯ ಎರಡು ಚಮಚದ ಕಾಫಿ ಪಾನಕದಂತೆ ಅನ್ನಿಸುತ್ತದೆ.

ಕಾಫಿಪುಡಿಯನ್ನೂ ಬದಲಿಸಿ. ಇದನ್ನು ಯಾರೂ ಹೇಳುವುದಿಲ್ಲ. ಪುಡಿಯಲ್ಲಿ ಚಿಕೋರಿ ಜಾಸ್ತಿಯಿದ್ದರೆ ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಾಗಿ ಇಳಿಯುತ್ತದೆ ನಿಜ, ಆದರೆ ಕಹಿಯೂ ಜಾಸ್ತಿ. ಆ ಕಹಿ ಮುಚ್ಚಲು ಸಕ್ಕರೆ ಬೇಕಾಗುತ್ತದೆ. ನಮ್ಮ ನಿಯಮದ ಪ್ರಕಾರ ಮಿಶ್ರಣದಲ್ಲಿ ಶೇ 49ರವರೆಗೂ ಚಿಕೋರಿ ಇರಬಹುದು, ಪೊಟ್ಟಣದ ಮೇಲೆ ಪ್ರಮಾಣ ಅಚ್ಚಾಗಿರುತ್ತದೆ. ಪುಡಿ ಮಾಡಿಸುವಾಗ ಚಿಕೋರಿ ಶೇ 20ಕ್ಕೆ ಇಳಿಸಿ, ಸಾಧ್ಯವಾದರೆ ಇನ್ನೂ ಕಮ್ಮಿ. ಡಿಕಾಕ್ಷನ್ ಮತ್ತೆ ಮತ್ತೆ ಕಾಯಿಸಬೇಡಿ. ಹಾಲು ಚೆನ್ನಾಗಿದ್ದರೆ ಅದಕ್ಕೇ ಒಂದು ಸಣ್ಣ ಸಿಹಿ ಇರುತ್ತದೆ. ಸಕ್ಕರೆ ಇದ್ದಾಗ ಅದು ಗೊತ್ತಾಗುವುದೇ ಇಲ್ಲ.

ಹೋಟೆಲಿನಲ್ಲಿ ‘ಸಕ್ಕರೆ ಕಮ್ಮಿ’ ಎಂದು ಹೇಳಿ ಪ್ರಯೋಜನವಿಲ್ಲ. ಒಬ್ಬೊಬ್ಬರ ಕಮ್ಮಿ ಒಂದೊಂದು. ಟೋಕನ್ ಕೊಡುವಾಗಲೇ ‘ಶುಗರ್‌ಲೆಸ್’ ಅನ್ನಿ, ಸಕ್ಕರೆ ಪಕ್ಕದಲ್ಲಿ ಕೇಳಿ ನೀವೇ ಹಾಕಿಕೊಳ್ಳಿ. ಸಕ್ಕರೆ ಹಾಕಿಯೇ ಕುದಿಸುವ ಚಹಾದ ಅಂಗಡಿಯಲ್ಲಿ ಇದು ನಡೆಯದು. ಅಲ್ಲಿ ಸಣ್ಣ ಕಪ್ ಸಾಕು, ಇಲ್ಲವೇ ಬೈಟು.

ಒಂದು ಎಚ್ಚರಿಕೆ. ಸಕ್ಕರೆಯ ಜೊತೆಗೆ ಕಾಫಿಯನ್ನೂ ಒಟ್ಟಿಗೇ ಬಿಡಬೇಡಿ. ಕೆಫೀನ್ ನಿಂತರೆ ಒಂದು ದಿನದೊಳಗೆ ತಲೆನೋವು ಶುರುವಾಗಿ ಕೆಲವು ದಿನ ಇರಬಹುದು. ಅದನ್ನು ಸಕ್ಕರೆ ಬಿಟ್ಟಿದ್ದರ ಪರಿಣಾಮ ಎಂದುಕೊಂಡು ಎರಡನ್ನೂ ಮತ್ತೆ ಹಿಡಿದವರು ಬೇಕಾದಷ್ಟು ಜನ ಇದ್ದಾರೆ.

ಸಕ್ಕರೆಯ ಬದಲು ಹಾಕುವ ಸಿಹಿ ಮಾತ್ರೆ? ತೂಕ ಇಳಿಸಲು ಇವನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿತು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಉಳಿದವರಿಗೆ ನನ್ನ ತಕರಾರು ಬೇರೆ: ಮಾತ್ರೆ ಹಾಕಿದರೆ ನಾಲಿಗೆಯ ಅಭ್ಯಾಸ ಇದ್ದಲ್ಲೇ ಇರುತ್ತದೆ.

ಮೂರನೇ ಹೆಜ್ಜೆ: ಪೊಟ್ಟಣ ತಿರುಗಿಸಿ ಓದಿ

ಮುಂಭಾಗದ ಚಿತ್ರ ನಂಬಬೇಡಿ. ಹಿಂಭಾಗದ ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಅದು ಸಿಹಿತಿಂಡಿಯೇ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್ ಎಲ್ಲ ಅದರ ದಾಯಾದಿಗಳು.

‘ಏನೂ ಸಿಹಿ ಇಲ್ಲ’ ಎಂದು ಜ್ವರ ಬಂದವರಿಗೂ ಕೊಡುವ ಮಾರಿ ಬಿಸ್ಕತ್ತಿನಲ್ಲೂ ನೂರು ಗ್ರಾಂಗೆ 20 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಒಂದು ದೊಡ್ಡ ಚಮಚ ಟೊಮೆಟೊ ಸಾಸ್‌ನಲ್ಲಿ ಸುಮಾರು ಒಂದು ಟೀ ಚಮಚ. 300 ಎಂ.ಎಲ್. ತಂಪು ಪಾನೀಯದಲ್ಲಿ 30 ಗ್ರಾಂ ಮೇಲೇ. ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳದ್ದು ಇನ್ನೊಂದು ಕಥೆ. ಇಂಥವನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಬೇಕಾಯಿತು. ಮಕ್ಕಳಿಗೆ ರಾಗಿ ಹುರಿಹಿಟ್ಟು ಇದೆಯಲ್ಲ.

ಹಣ್ಣು ಬಿಡಬೇಕಾಗಿಲ್ಲ. ಹಣ್ಣನ್ನು ಕಚ್ಚಿ ತಿನ್ನಿ, ನಾರು ಸಿಗುತ್ತದೆ. ಹಿಂಡಿ ಕುಡಿದರೆ ಮೂರು ಹಣ್ಣಿನ ಸಕ್ಕರೆ ಎರಡು ನಿಮಿಷದಲ್ಲಿ ಒಳಗೆ ಹೋಗುತ್ತದೆ.

ನಾಲ್ಕನೇ ಹೆಜ್ಜೆ: ಸಂಜೆ ನಾಲ್ಕರ ಹಸಿವು

ಈ ಹೊತ್ತಿಗೆ ಬೇಕರಿಯ ಕಡೆ ಕಾಲು ಎಳೆಯುತ್ತದೆ ಎಂದರೆ ಮಧ್ಯಾಹ್ನದ ಊಟ ನೋಡಿಕೊಳ್ಳಿ. ಬರೀ ಅನ್ನ, ತಿಳಿಸಾರು ಉಂಡರೆ ಹೊಟ್ಟೆ ಬೇಗ ಖಾಲಿ ಅನ್ನಿಸುತ್ತದೆ. ಜೊತೆಗೆ ಹೆಸರುಬೇಳೆ ಕೋಸಂಬರಿ, ಕಾಳಿನ ಪಲ್ಯ, ಮೊಸರು ಅಥವಾ ಮೊಟ್ಟೆ ಇರಲಿ. ನಾಲ್ಕಕ್ಕೆ ಕಡಲೆ ಉಸಲಿ, ಬೇಯಿಸಿದ ಕಡಲೇಕಾಯಿ, ಒಂದು ಲೋಟ ಖಾರದ ಮಜ್ಜಿಗೆ. ರಾತ್ರಿ ನಿದ್ದೆಗೆಟ್ಟರೂ ಮರುದಿನ ಬಾಯಿ ಚಪಲ ಜಾಸ್ತಿ, ಅದೂ ನೆನಪಿರಲಿ.

ಬೆಲ್ಲದ ಮಾತು

ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದೆ ಎನ್ನುವವರಿಗೆ ಬೇಸರವಾಗಬಹುದು. ಬೆಲ್ಲದಲ್ಲೂ ಬಹುಪಾಲು ಇರುವುದು ಅದೇ ಸುಕ್ರೋಸ್. ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸ್ವಲ್ಪ ಕಬ್ಬಿಣ, ಖನಿಜ ಇವೆ, ಆದರೆ ಅದಕ್ಕಾಗಿ ಬೆಲ್ಲ ತಿನ್ನುವ ಬದಲು ನುಗ್ಗೆಸೊಪ್ಪು ತಿನ್ನಿ. ಹಾಗೆಂದು ಸಾರಿಗೆ ಹಾಕುವ ಚೂರು ಬೆಲ್ಲಕ್ಕೆ ಮುನಿಸಿಕೊಳ್ಳಬೇಡಿ. ಇಡೀ ಪಾತ್ರೆಗೆ ಹಾಕಿದ್ದು ತಟ್ಟೆಗೆ ಎಷ್ಟು ಬಂದೀತು? ತಕರಾರು ಇರಬೇಕಾದದ್ದು ಬೆಲ್ಲದ ಕಾಫಿಯ ಮೇಲೆ.

ಕೊನೆಗೆ, ಹಬ್ಬ ಮತ್ತು ನೆಂಟರು

‘ಸಿಹಿ ಬಿಟ್ಟಿದ್ದೇನೆ’ ಎಂದು ಯಾರ ಮನೆಯಲ್ಲೂ ಹೇಳಬೇಡಿ. ‘ಅಯ್ಯೋ, ಶುಗರ್ ಬಂತಾ?’ ಎಂದು ಶುರುವಾಗಿ ‘ಒಂದೇ ಒಂದು ತಗೊಳ್ಳಿ’ ಎನ್ನುವಲ್ಲಿಗೆ ಮುಟ್ಟುತ್ತದೆ. ಸುಮ್ನೆ ‘ಖಾರ ಏನು ಮಾಡಿದ್ದೀರಿ?’ ಎಂದು ಕೇಳಿ. ತಿನ್ನಲು ಕೇಳಿದರು ಎಂಬ ಖುಷಿಯಲ್ಲಿ ಚಕ್ಕುಲಿ ಬರುತ್ತದೆ, ಸಿಹಿಯ ಮಾತು ಮರೆಯುತ್ತದೆ.

ಯುಗಾದಿಗೆ ಹೋಳಿಗೆ ತಿನ್ನಿ. ತುಪ್ಪ ಹಾಕಿಕೊಂಡೇ ತಿನ್ನಿ, ಊಟದ ಜೊತೆಗೆ ತಿನ್ನಿ. ತೊಂದರೆ ಇರುವುದು ಆ ದಿನದ ಹೋಳಿಗೆಯಲ್ಲಲ್ಲ, ಫ್ರಿಜ್‌ನಲ್ಲಿ ಉಳಿಯುವ ಹೂರಣದಲ್ಲಿ. ಅದು ವಾರವಿಡೀ ಕರೆಯುತ್ತದೆ. ಹಾಗಾಗಿ ಒಂದು ದಿನಕ್ಕೆ ಆಗುವಷ್ಟೇ ಬೇಳೆ ಬೇಯಿಸಿ, ಉಳಿದದ್ದನ್ನು ಅದೇ ಸಂಜೆ ಅಕ್ಕಪಕ್ಕದವರಿಗೆ ಕೊಡಿ. ದೀಪಾವಳಿಗೆ ಬರುವ ಸಿಹಿ ಡಬ್ಬಿಗಳಲ್ಲಿ ಒಂದನ್ನು ಮಾತ್ರ ತೆರೆಯಿರಿ. ಮಿಕ್ಕವು ಮರುದಿನವೇ ಆಫೀಸಿಗೆ ಹೋಗಲಿ.