ಒಣ ಹಿಟ್ಟು ತೂಗಿದ ಮೇಲೆ ಮುದ್ದೆ ದಾರಿಗೆ ಬಂತು

ಮಗನಿಗೆ ಒಂಬತ್ತು ವರ್ಷ. ಟೈಪ್ 1 ಸಕ್ಕರೆ ಕಾಯಿಲೆ, ಅಂದರೆ ದಿನವೂ ಇನ್ಸುಲಿನ್ ಚುಚ್ಚಲೇಬೇಕಾದ್ದು, ಅಂತ ಗೊತ್ತಾಗಿ ಒಂದೂವರೆ ವರ್ಷ ಆಯಿತು. ಇನ್ಸುಲಿನ್ ಪೆನ್, ಸೂಜಿ, ಶುಗರ್ ನೋಡುವ ಸ್ಟ್ರಿಪ್, ಇಂಥ ಮಕ್ಕಳ ಮನೆಯವರಿಗೆಲ್ಲ ಗೊತ್ತಿರುವುದೇ, ಅದನ್ನು ಬಿಡಿ. ನಾನು ಹೇಳಹೊರಟಿದ್ದು ಮುದ್ದೆ ವಿಷಯ. ನಾವು ಮಂಡ್ಯ ಕಡೆಯವರು, ರಾತ್ರಿ ಮುದ್ದೆ ಇಲ್ಲದಿದ್ದರೆ ಊಟವೇ ಅಲ್ಲ.

"ಶುಗರ್‌ಗೆ ರಾಗಿ ಒಳ್ಳೇದು" ಅಂತ ನೋಡಲು ಬಂದವರೆಲ್ಲ ಹೇಳಿದರು. ಅದನ್ನೇ ನಂಬಿ ಲೆಕ್ಕ ಇಲ್ಲದೆ ಬಡಿಸಿದೆ. ಎರಡು ಗಂಟೆ ಬಿಟ್ಟು ನೋಡಿದರೆ ಶುಗರ್ 280, 310! ಮುದ್ದೆ ಬಿಡಿಸಿ ಚಪಾತಿ ಕೊಟ್ಟರೆ ಹುಡುಗ ಮುಖ ಊದಿಸಿಕೊಂಡು ಕೂತ. ಆಮೇಲೆ 350 ರೂಪಾಯಿ ಕೊಟ್ಟು ತೂಕದ ಮಷೀನ್ ತಂದೆ, ಮುದ್ದೆ ತೂಗಲು ಶುರು ಮಾಡಿದೆ. ನಮ್ಮತ್ತೆ, "ತೂಗಿ ಹಾಕಿದ ಊಟ ಮಗೀಗೆ ಮೈಗೆ ಹತ್ತುತ್ತಾ?" ಅಂತ ಗೊಣಗಿದರು. ಉಂಡೆ ತೂಗಿದ್ದೂ ಕೈಕೊಟ್ಟಿತು. ನನ್ನ ಮುದ್ದೆ ಒಂದು ದಿನ ಗಟ್ಟಿ, ಒಂದು ದಿನ ಮೆತ್ತಗೆ. ಉಂಡೆ ಅದೇ 160 ಗ್ರಾಂ, ಒಳಗಿರುವ ಹಿಟ್ಟು ಮಾತ್ರ ದಿನಕ್ಕೊಂದು ಥರ.

ತಲೆಗೆ ಹೊಳೆದದ್ದು ತಡವಾಗಿ. ಶುಗರ್ ಏರಿಸುವುದು ಕಾರ್ಬ್, ಅಂದರೆ ಹಿಟ್ಟಿನಲ್ಲಿರುವ ಕಾರ್ಬೋಹೈಡ್ರೇಟ್; ನೀರಿನಲ್ಲಿ ಅದು ಎಲ್ಲಿದೆ? ತೂಗಬೇಕಾದ್ದು ಒಣ ಹಿಟ್ಟನ್ನು. ಈಗ ಅವನಿಗೆ ಬೇರೆ ಪುಟ್ಟ ಪಾತ್ರೆ. 60 ಗ್ರಾಂ ಹಿಟ್ಟು, ಅಂದರೆ ಹೆಚ್ಚುಕಡಿಮೆ 42 ಗ್ರಾಂ ಕಾರ್ಬ್. ಹಿಟ್ಟು ಸುರಿದು ಬೇಯಲು ಬಿಟ್ಟಾಗಲೇ ಇನ್ಸುಲಿನ್ ಸೂಜಿ, ಅದು ಕೆಲಸ ಶುರು ಮಾಡಲು ಸ್ವಲ್ಪ ಹೊತ್ತು ಬೇಕು. ಕೋಲಿನಲ್ಲಿ ತಿರುವಿ, ಉಂಡೆ ಕಟ್ಟಿ, ಬಿಸಿ ಆರುವಷ್ಟರಲ್ಲಿ 15 ನಿಮಿಷ ತಾನಾಗಿ ಕಳೆಯುತ್ತೆ. ಶುಗರ್ ಮೊದಲೇ 100ಕ್ಕಿಂತ ಕೆಳಗಿದ್ದರೆ ಮಾತ್ರ ಹಾಗೆ ಕಾಯುವುದಿಲ್ಲ, ತಟ್ಟೆ ಮುಂದಿಟ್ಟೇ ಹಾಕುತ್ತೇನೆ.

ಒಮ್ಮೆ ಸೂಜಿ ಹಾಕಿ ಆಗಿದೆ, ಹಿಟ್ಟು ಅರ್ಧ ಬೆಂದಿದೆ, ಗ್ಯಾಸ್ ಖಾಲಿ! ಪಕ್ಕದ ಮನೆ ಒಲೆಗೆ ಓಡಿ ಮುದ್ದೆ ತಿರುವಿ ತರುವಷ್ಟರಲ್ಲಿ ಹುಡುಗ ಬೆವೆತು ನಡುಗುತ್ತಿದ್ದ. ಶುಗರ್ 58ಕ್ಕೆ ಇಳಿದಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆ. ಕಾಲು ಗಂಟೆಗೆ 84 ಆಯಿತು. ಈಗ ಸೂಜಿಗೆ ಮುಂಚೆ ಸಿಲಿಂಡರ್ ಅಲ್ಲಾಡಿಸಿ ನೋಡುತ್ತೇನೆ.

ಸ್ಟ್ರಿಪ್‌ಗೇ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಹೋಗುತ್ತೆ. ಮೈಗೆ ಅಂಟಿಸಿದರೆ ಹಗಲು ರಾತ್ರಿ ಶುಗರ್ ತೋರಿಸುವ ಸೆನ್ಸರ್ ಎರಡೇ ಸಲ ಹಾಕಿಸಿದ್ದು, ಚೀಟಿ ದುಡ್ಡಿನಲ್ಲಿ. ಒಂದಕ್ಕೆ ಐದು ಸಾವಿರದಷ್ಟು, ಬರೀ 14 ದಿನ. ಆದರೆ ಮುದ್ದೆ ತಿಂದ ಮೇಲೆ ಶುಗರ್ ಯಾವಾಗ ಏರುತ್ತೆ ಅಂತ ಕಣ್ಣಿಗೆ ಕಂಡದ್ದು ಅದರಿಂದಲೇ. ಮೊದಲು ಸೊಪ್ಪು ಕಾಳು ತಿನ್ನಿಸಿ ಆಮೇಲೆ ಮುದ್ದೆ ಕೊಟ್ಟು ನೋಡಿದೆ, ಏರಿಕೆ ಸ್ವಲ್ಪ ನಿಧಾನ. ತಣ್ಣಗಾದ ಮುದ್ದೆ ಇನ್ನೂ ನಿಧಾನ ಏರಿಸುತ್ತಾ ಅಂತ ನೋಡಿದ ಪ್ರಯೋಗ ಎರಡೇ ದಿನ, ಅವನು ಉಗಿದ.

ಈಗ ಊಟವಾದ ಮೇಲೆ 160, 180. ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಪರೀಕ್ಷೆ 11ರ ಮೇಲಿತ್ತು, ಹೋದ ಸಲ 7.4. ನಂಬದಿದ್ದ ನಮ್ಮತ್ತೆಯೇ ಈಗ ಹಿಟ್ಟು ತೂಗಿಡುತ್ತಾರೆ. ಎಷ್ಟು ಕಾರ್ಬ್‌ಗೆ ಒಂದು ಯೂನಿಟ್ ಇನ್ಸುಲಿನ್ ಅಂತ ಮಾತ್ರ ಕೇಳಬೇಡಿ. ಅದು ನನ್ನ ಮಗನ ಲೆಕ್ಕ, ನಿಮ್ಮ ಮಗುವಿನದು ನಿಮ್ಮ ಡಾಕ್ಟರೇ ಹೇಳಬೇಕು. 

ಒಬ್ಬಟ್ಟು ಇನ್ನೂ ಕೈಗೆ ಸಿಕ್ಕಿಲ್ಲ. ಈ ಯುಗಾದಿಗೆ ಹೂರಣ, ಕಣಕ ಎಲ್ಲ ತೂಗಿದ್ದೆ. ಎರಡು ಗಂಟೆಗೆ 150, ನಾನು ಬೀಗಿದೆ. ಜಿಡ್ಡು ಇದ್ದರೆ ಶುಗರ್ ತಡವಾಗಿ ಏರುತ್ತೆ; ತುಪ್ಪದ ಆ ಕೆಲಸ ಆಮೇಲೆ ಶುರುವಾಯಿತು ನೋಡಿ, ರಾತ್ರಿ ಹನ್ನೊಂದಕ್ಕೆ 290.