ಸ್ಟೇಡಿಯಂ ಕಾನ್ಸರ್ಟಿಗೆ ಸೀಟು ಆರಿಸುವುದು ಹೇಗೆ: ಕಿವಿಯಿಂದ ಶುರುಮಾಡಿ

ಟಿಕೆಟ್ ಮಾರಾಟ ತೆರೆದ ಗಳಿಗೆಯಲ್ಲಿ ಸೀಟು ಆರಿಸಲು ಸಿಗುವುದು ಎರಡೋ ಮೂರೋ ನಿಮಿಷ. ಆ ಗಡಿಬಿಡಿಯಲ್ಲಿ ಎಲ್ಲರ ಕಣ್ಣೂ ಬೆಲೆಯ ಮೇಲೆ: ದುಬಾರಿಯದ್ದು ಒಳ್ಳೆಯದು, ವೇದಿಕೆಗೆ ಹತ್ತಿರದ್ದು ಇನ್ನೂ ಒಳ್ಳೆಯದು ಎಂಬ ಲೆಕ್ಕ. ಸಭಾಂಗಣದಲ್ಲಿ ಈ ಲೆಕ್ಕ ನಡೆಯುತ್ತದೆ, ಸ್ಟೇಡಿಯಂನಲ್ಲಿ ಕೈಕೊಡುತ್ತದೆ. ಫುಟ್‌ಬಾಲಿಗೋ ಕ್ರಿಕೆಟಿಗೋ ಕಟ್ಟಿದ ಜಾಗಕ್ಕೆ ನಾಲ್ಕು ದಿನದ ಮಟ್ಟಿಗೆ ಹಾಡನ್ನು ತಂದು ಕೂರಿಸಿರುತ್ತಾರೆ. ಅಲ್ಲಿ ಕೆಲವು ದುಬಾರಿ ಸೀಟುಗಳಲ್ಲಿ ಹಾಡು ಕಲಸಿಹೋಗುತ್ತದೆ, ಮಧ್ಯಮ ಬೆಲೆಯ ಕೆಲವು ಸೀಟುಗಳಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಯಾವುದು ಯಾವುದೆಂದು ನಕ್ಷೆ ನೋಡಿಯೇ ಹೇಳಬಹುದು.

ಉದಾಹರಣೆಗೆ ಟೇಲರ್ ಸ್ವಿಫ್ಟ್ ಅವರ ಎರಾಸ್ ಟೂರ್ ಇಟ್ಟುಕೊಳ್ಳೋಣ. 2023ರ ಮಾರ್ಚ್ 17ರಂದು ಅಮೆರಿಕದ ಗ್ಲೆಂಡೇಲ್‌ನಲ್ಲಿ ಶುರುವಾಗಿ 2024ರ ಡಿಸೆಂಬರ್ 8ರಂದು ಕೆನಡಾದ ವ್ಯಾಂಕೂವರ್‌ನಲ್ಲಿ ಮುಗಿದ ಈ ಪ್ರವಾಸದಲ್ಲಿ 149 ಪ್ರದರ್ಶನಗಳು ನಡೆದವು. ಒಂದೊಂದೂ ಸುಮಾರು ಮೂರೂವರೆ ಗಂಟೆಯದು. ಭಾರತಕ್ಕೆ ಬರಲಿಲ್ಲ. 2024ರ ಮಾರ್ಚ್‌ನಲ್ಲಿ ಸಿಂಗಪುರದ ನ್ಯಾಷನಲ್ ಸ್ಟೇಡಿಯಂನಲ್ಲಿ ನಡೆದ ಆರು ಪ್ರದರ್ಶನಗಳೇ ಬೆಂಗಳೂರಿನವರಿಗೆ ತೀರಾ ಹತ್ತಿರದವು, ವಿಮಾನದಲ್ಲಿ ನಾಲ್ಕೂವರೆ ಗಂಟೆ. ಮುಂದೆ ಯಾವ ಗಾಯಕರ ಪ್ರವಾಸ ಬಂದರೂ, ಅದು ಲಂಡನ್ನಿನ ವೆಂಬ್ಲಿಯಲ್ಲಿರಲಿ, ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿರಲಿ, ಲೆಕ್ಕಾಚಾರ ಇದೇ.

ದನಿ ಎಲ್ಲಿಂದ ಬರುತ್ತದೆ

ಊರಹಬ್ಬದಲ್ಲಿ ದೇವಸ್ಥಾನದ ಮುಂದಿನ ಕಂಬಕ್ಕೊಂದು, ಬಸ್‌ಸ್ಟ್ಯಾಂಡ್ ಬಳಿಯ ಕಂಬಕ್ಕೊಂದು ಲೌಡ್‌ಸ್ಪೀಕರ್ ಕಟ್ಟಿರುತ್ತಾರಲ್ಲ, ನಡುವೆ ನಿಂತವರಿಗೆ ಒಂದೇ ಹಾಡು ಒಂದರ ಹಿಂದೊಂದು ಎರಡು ಸಲ ಕೇಳುತ್ತದೆ. ಸ್ಟೇಡಿಯಂ ಕಾನ್ಸರ್ಟಿನ ಧ್ವನಿ ತಂತ್ರಜ್ಞರ ಹೋರಾಟವೆಲ್ಲ ಇದೇ ತೊಂದರೆಯ ಜೊತೆ.

ದನಿ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ವೇದಿಕೆಯಿಂದ 100 ಮೀಟರ್ ದೂರದಲ್ಲಿ ಕೂತವರಿಗೆ ಅದು ತಲುಪುವ ಹೊತ್ತಿಗೆ 0.29 ಸೆಕೆಂಡ್ ಆಗಿರುತ್ತದೆ. ವೇದಿಕೆಯ ಎರಡೂ ಬದಿಯಲ್ಲಿ ಬಾಗಿದ ಸರಪಳಿಯಂತೆ ತೂಗುಬಿಟ್ಟ ಮುಖ್ಯ ಸ್ಪೀಕರ್‌ಗಳಷ್ಟೇ ಅಷ್ಟು ದೂರವನ್ನು ಸ್ಪಷ್ಟವಾಗಿ ತಲುಪಲಾರವು. ತೀಕ್ಷ್ಣ ಸ್ವರಗಳು ಗಾಳಿಯಲ್ಲೇ ಸವೆಯುತ್ತವೆ, ಗಾಳಿ ಬೀಸಿದರೆ ದಿಕ್ಕು ತಪ್ಪುತ್ತವೆ. ಅದಕ್ಕೇ ಮೈದಾನದ ನಡುವೆ ಎತ್ತರದ ಗೋಪುರಗಳನ್ನು ನಿಲ್ಲಿಸಿ ಅಲ್ಲೂ ಸ್ಪೀಕರ್ ಕಟ್ಟುತ್ತಾರೆ. ಇವುಗಳನ್ನು ಡಿಲೇ ಟವರ್ ಎನ್ನುತ್ತಾರೆ. ಗೋಪುರ ವೇದಿಕೆಯಿಂದ 70 ಮೀಟರ್ ದೂರದಲ್ಲಿದ್ದರೆ ಅದರ ದನಿಯನ್ನು ಸುಮಾರು 0.2 ಸೆಕೆಂಡ್ ತಡೆಹಿಡಿದು ಬಿಡುತ್ತಾರೆ, ಮುಂದಿನಿಂದ ಬಂದ ಅಲೆ ಗೋಪುರವನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಎರಡೂ ಒಂದಾಗಲಿ ಎಂದು.

ಈ ಹೊಂದಿಕೆ ಗೋಪುರದ ಹಿಂದಿನ ಜಾಗಕ್ಕೆ ಸರಿಹೋಗುತ್ತದೆ, ಪಕ್ಕಕ್ಕೆ ಸರಿದಷ್ಟೂ ತಪ್ಪುತ್ತದೆ. ಎರಡು ದನಿಗಳ ನಡುವಿನ ಅಂತರ 0.05 ಸೆಕೆಂಡ್ ದಾಟಿದರೆ, ಅಂದರೆ ದಾರಿಯಲ್ಲಿ ಸುಮಾರು 17 ಮೀಟರ್ ವ್ಯತ್ಯಾಸವಾದರೆ, ಕಿವಿ ಅವನ್ನು ಬೇರೆಬೇರೆಯಾಗಿ ಕೇಳಲು ತೊಡಗುತ್ತದೆ. ಮೂಲೆಯ ಸೀಟುಗಳಲ್ಲಿ ಹಾಡಿನ ಸಾಹಿತ್ಯ ಅಸ್ಪಷ್ಟವಾಗಲು ಇದು ಒಂದು ಕಾರಣ. ಎದುರು ಬದಿಯ ಗ್ಯಾಲರಿಯ ಕಾಂಕ್ರೀಟಿಗೂ ಗಾಜಿನ ಬಾಕ್ಸ್‌ಗಳಿಗೂ ಬಡಿದು ಮರಳುವ ದನಿ ಇನ್ನೊಂದು. ಚಾವಣಿ ಮುಚ್ಚಿದ ಸ್ಟೇಡಿಯಂಗಳಲ್ಲಿ ಈ ಮರುದನಿ ಹೆಚ್ಚು. ಹಾಗಾಗಿ ಗುಮ್ಮಟವಿರುವ ಕಡೆ ನಡುಗೆರೆಗೆ, ಅಂದರೆ ವೇದಿಕೆಯ ಮಧ್ಯದಿಂದ ನೇರ ಮುಂದಕ್ಕೆ ಎಳೆದ ಗೆರೆಗೆ, ಇನ್ನಷ್ಟು ಹತ್ತಿರದ ಸೀಟು ಹುಡುಕಬೇಕು.

ನಕ್ಷೆಯಲ್ಲಿ ಮೊದಲು ಹುಡುಕಬೇಕಾದ್ದು ಮಿಕ್ಸಿಂಗ್ ಡೆಸ್ಕ್. ವೇದಿಕೆಗೆ ಎದುರಾಗಿ, ಮೈದಾನದ ನಡುಗೆರೆಯ ಮೇಲೆ ಚೌಕಾಕಾರದ ಗುರುತಾಗಿ ಕಾಣುತ್ತದೆ. ಗಾಯಕಿಯ ಗಂಟಲು ಎಷ್ಟು, ಡ್ರಮ್ ಎಷ್ಟು, ಮಂದ್ರ ಎಷ್ಟು ಎಂದು ತೀರ್ಮಾನಿಸುವವರು ಅಲ್ಲಿ ಕೂತಿರುತ್ತಾರೆ, ಅವರ ಕಿವಿಗೆ ಸರಿಯೆನಿಸಿದ್ದೇ ಆ ರಾತ್ರಿಯ ಧ್ವನಿ. ಆದ್ದರಿಂದ ಡೆಸ್ಕಿನ ನೇರಕ್ಕೆ ಗ್ಯಾಲರಿಯಲ್ಲಿ ಸಿಗುವ ಸೀಟುಗಳು, ಮೇಲಿನ ಹಂತದವಾದರೂ, ನಮ್ಮ ಮೊದಲ ಆಯ್ಕೆ. ಡೆಸ್ಕಿನ ಬೆನ್ನಿಗೇ ಮೈದಾನದಲ್ಲಿ ನಿಲ್ಲುವ ಟಿಕೆಟ್ ಮಾತ್ರ ಬೇಡ. ಅದರ ಡೇರೆ ಮತ್ತು ದೀಪದ ಕಂಬಗಳು ವೇದಿಕೆಯನ್ನೇ ಮರೆಮಾಡುತ್ತವೆ.

ಎರಡು ಜಾಗಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ. ಒಂದು, ಕೆಳಹಂತದ ಕೊನೆಯ ಸಾಲುಗಳು. ಮೇಲ್ಹಂತದ ಸಜ್ಜೆ ಅವುಗಳ ತಲೆಯ ಮೇಲೆ ಚಾಚಿರುತ್ತದೆ. ಮೇಲಿನಿಂದ ಇಳಿಯುವ ತೀಕ್ಷ್ಣ ಸ್ವರಗಳಿಗೆ ಅದು ಅಡ್ಡ, ಮಂದ್ರ ಸ್ವರ ಮಾತ್ರ ಒಳಗೆ ಸುತ್ತಿ ಗುಂಯ್‌ಗುಡುತ್ತದೆ. ಪರದೆಯ ಮೇಲರ್ಧವೂ ಕತ್ತರಿಸಿಹೋಗುತ್ತದೆ. ಸಾಲು ಸಂಖ್ಯೆ 30ರ ಆಸುಪಾಸಿನಲ್ಲಿದ್ದರೆ ಆ ವಿಭಾಗದ ಒಳಗಿನ ಫೋಟೊ ಹುಡುಕಿ ನೋಡದೆ ಹಣ ಕಟ್ಟಬೇಡಿ. ಎರಡು, ಸ್ಪೀಕರ್ ಸಾಲಿನ ಹಿಂದಕ್ಕೆ ಬೀಳುವ ಪಕ್ಕದ ಸೀಟುಗಳು, ಕಡಿಮೆ ಬೆಲೆಗೆ ಕೊನೆಯಲ್ಲಿ ಬಿಡುಗಡೆಯಾಗುವಂಥವು. ಕೆಲವು ಪ್ರವಾಸಗಳಲ್ಲಿ ಈ ಬದಿಗೂ ಬೇರೆ ಸ್ಪೀಕರ್ ತೂಗುಹಾಕಿರುತ್ತಾರೆ. ಇಲ್ಲದಿದ್ದರೆ ಪಕ್ಕದ ಬೀದಿಯ ಮದುವೆಮನೆಯ ಹಾಡನ್ನು ಗೋಡೆಯಾಚೆಯಿಂದ ಕೇಳಿದಂತೆ: ತಾಳ ಬರುತ್ತದೆ, ಮಾತು ಬರುವುದಿಲ್ಲ. ಗಾಯಕಿಯನ್ನು ಹತ್ತಿರದಿಂದ ನೋಡುವುದೇ ಮುಖ್ಯ ಎನ್ನುವವರು ಅದನ್ನು ತಿಳಿದೇ ಕೊಳ್ಳಲಿ.

ಕಣ್ಣಿನ ಲೆಕ್ಕ

ಕೈ ನೀಡಿ ಕಿರುಬೆರಳಿನ ಉಗುರು ನೋಡಿಕೊಳ್ಳಿ. 100 ಮೀಟರ್ ದೂರದಲ್ಲಿ ನಿಂತ ವ್ಯಕ್ತಿ ಅಷ್ಟೇ ಎತ್ತರಕ್ಕೆ ಕಾಣುತ್ತಾರೆ, ಸುಮಾರು 12 ಮಿಲಿಮೀಟರ್. 50 ಮೀಟರಿಗೆ ಬಂದರೆ ಹೆಬ್ಬೆರಳಿನ ಅಗಲಕ್ಕಿಂತ ತುಸು ಹೆಚ್ಚು. ಮುಖಭಾವಕ್ಕೆ ಹೇಗೂ ಪರದೆಯೇ ಗತಿ. ಪರದೆಯ ಬೆಳಕು ತಕ್ಷಣ ತಲುಪುತ್ತದೆ, ದನಿ ತಡವಾಗಿ ಬರುತ್ತದೆ. ದೂರದ ಸೀಟುಗಳಲ್ಲಿ ತುಟಿ ಮತ್ತು ಹಾಡು ಕೂಡದಿರುವುದು ಹಾಡು ರೆಕಾರ್ಡ್ ಮಾಡಿದ್ದೆಂಬುದಕ್ಕೆ ಸಾಕ್ಷಿಯಲ್ಲ, ಅದು ಬರಿಯ ದೂರದ ಪರಿಣಾಮ.

ಮೈದಾನದ ಟಿಕೆಟ್ ಕೊಳ್ಳುವ ಮೊದಲು ಗಿಡ್ಡನೆಯವರು ಈ ಲೆಕ್ಕ ಮಾಡಲಿ. ನಿಮ್ಮ ಕಣ್ಣು ನೆಲದಿಂದ 150 ಸೆಂ.ಮೀ. ಎತ್ತರದಲ್ಲಿದೆ, ಎದುರು 60 ಸೆಂ.ಮೀ. ದೂರದಲ್ಲಿ 175 ಸೆಂ.ಮೀ. ಎತ್ತರದವರು ನಿಂತಿದ್ದಾರೆ. ಅವರ ನೆತ್ತಿಯ ಮೇಲಿನಿಂದ ಹಾಯುವ ನೋಟ 20 ಮೀಟರ್ ಮುಂದೆ ಹೋಗುವಷ್ಟರಲ್ಲಿ ಸುಮಾರು 10 ಮೀಟರ್ ಎತ್ತರಕ್ಕೇರಿರುತ್ತದೆ. ಎರಡು ಮೀಟರ್ ಎತ್ತರದ ವೇದಿಕೆಯ ಮೇಲಿನ ಗಾಯಕಿ ಅದರ ಕೆಳಗೇ ಉಳಿದುಬಿಡುತ್ತಾರೆ. ತಲೆಗಳ ಸಂದಿಯಲ್ಲಿ ಕಂಡಷ್ಟೇ ಲಾಭ. ಗ್ಯಾಲರಿಯಲ್ಲಿ ಸಾಲಿನಿಂದ ಸಾಲಿಗೆ 40 ಸೆಂ.ಮೀ. ಏರಿದ್ದರೆ ಅದೇ ವ್ಯಕ್ತಿಯ ನೆತ್ತಿ ನಿಮ್ಮ ಕಣ್ಣಿಗಿಂತ 15 ಸೆಂ.ಮೀ. ಕೆಳಗಿರುತ್ತದೆ, ಎಲ್ಲರೂ ಎದ್ದು ನಿಂತರೂ ವೇದಿಕೆ ಕಾಣುತ್ತದೆ. ಎರಾಸ್ ವೇದಿಕೆಯಂತೆ ಮೈದಾನದೊಳಕ್ಕೆ ಉದ್ದಕ್ಕೆ ಚಾಚಿದ ಹಾದಿ ಇದ್ದರೆ, ಉದ್ದ ಬದಿಯ ಗ್ಯಾಲರಿಯಲ್ಲಿ ಆ ಹಾದಿಯ ನಡುಭಾಗಕ್ಕೆ ಎದುರಿನ ಸೀಟು ಒಳ್ಳೆಯದು. ಮುಖ್ಯ ವೇದಿಕೆ ಓರೆಯಾಗಿ ಕಂಡರೂ ಹಾಡುವವರು ಮತ್ತೆಮತ್ತೆ ನಿಮ್ಮ ಮುಂದೆಯೇ ಬರುತ್ತಾರೆ.

ಹಣ ಕಟ್ಟುವಾಗ

ಇಷ್ಟೆಲ್ಲ ನೋಡಿ ನಾಲ್ಕು ವಿಭಾಗಗಳ ಸಂಖ್ಯೆಯನ್ನು ಇಷ್ಟದ ಕ್ರಮದಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಬ್ಯಾಂಕ್ ಕಾರ್ಡ್‌ಗಳಲ್ಲಿ ವಿದೇಶಿ ಆನ್‌ಲೈನ್ ಪಾವತಿ ಮೊದಲಿನಿಂದಲೇ ಬಂದ್ ಆಗಿರುತ್ತದೆ, ನೀವೇ ಆ್ಯಪ್‌ನಲ್ಲಿ ತೆರೆದು ಮಿತಿ ಏರಿಸಬೇಕು. ಹಿಂದಿನ ದಿನವೇ ಮಾಡಿ. ಸರದಿ ಪುಟ ನಿಂತುಹೋದಂತೆ ಕಂಡರೂ ರಿಫ್ರೆಶ್ ಒತ್ತಬೇಡಿ, ಸರದಿ ಕಳೆದುಹೋಗಬಹುದು. 2022ರ ನವೆಂಬರ್ 15ರಂದು ಎರಾಸ್ ಟಿಕೆಟ್‌ಗಳ ಮುಂಗಡ ಮಾರಾಟದ ದಿನ ಟಿಕೆಟ್‌ಮಾಸ್ಟರ್ ತಾಣ ಹೊರೆ ತಾಳದೆ ಗಂಟೆಗಟ್ಟಲೆ ತಡವರಿಸಿತು. ಆದರೂ ಅಂದೇ 20 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು.

ಯಾರೋ ವಾಟ್ಸ್ಆ್ಯಪ್‌ನಲ್ಲಿ ಟಿಕೆಟಿನ ಸ್ಕ್ರೀನ್‌ಶಾಟ್ ಕಳಿಸಿ ಹಣ ಕೇಳಿದರೆ ಅಲ್ಲಿಗೇ ಬಿಡಿ. ಈಗಿನ ಬಹುತೇಕ ದೊಡ್ಡ ಪ್ರವಾಸಗಳ ಟಿಕೆಟ್‌ನಲ್ಲಿ ಬಾರ್‌ಕೋಡ್ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಚಿತ್ರ ತೋರಿಸಿದರೆ ಗೇಟಿನಲ್ಲಿ ಒಪ್ಪುವುದಿಲ್ಲ. ನಿಮ್ಮದೇ ಖಾತೆಗೆ ವರ್ಗವಾದ ಟಿಕೆಟ್ ಮಾತ್ರ ಟಿಕೆಟ್. ಅದನ್ನು ಹೋಟೆಲಿನಲ್ಲೇ ಫೋನಿನ ವಾಲೆಟ್‌ಗೆ ಇಳಿಸಿಕೊಳ್ಳಿ, ಐವತ್ತು ಸಾವಿರ ಫೋನುಗಳು ಸೇರಿದ ಕಡೆ ನೆಟ್‌ವರ್ಕ್ ನಂಬಬಾರದು.

ಟಿಕೆಟ್ ಸಿಕ್ಕ ಮೇಲೆ ವೀಸಾ, ವೀಸಾ ಬಂದ ಮೇಲೆ ವಿಮಾನ. ಸಿಂಗಪುರಕ್ಕೆ ಭಾರತೀಯರಿಗೆ ವೀಸಾ ಬೇಕು. ಅದರ ಜೊತೆಗೆ ತಲುಪುವ ಮೊದಲಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಹೋಟೆಲನ್ನು ರದ್ದುಮಾಡಿದರೆ ಹಣ ಮರಳುವ ಷರತ್ತಿನ ಮೇಲೆಯೇ ಹಿಡಿಯಿರಿ. 2024ರ ಆಗಸ್ಟ್‌ನಲ್ಲಿ ವಿಯೆನ್ನಾದಲ್ಲಿ ಎರಾಸ್‌ನ ಮೂರೂ ಪ್ರದರ್ಶನಗಳು ಭಯೋತ್ಪಾದಕ ದಾಳಿಯ ಸಂಚು ಬಯಲಾಗಿ ರದ್ದಾದವು. ಇಂಥ ಹೊತ್ತಿನಲ್ಲಿ ಟಿಕೆಟಿನ ಹಣ ಮರಳುತ್ತದೆ, ವಿಮಾನದ್ದು ಮರಳುವ ಖಾತರಿಯಿಲ್ಲ. 2023ರ ನವೆಂಬರ್ 18ರ ರಿಯೊ ಪ್ರದರ್ಶನವನ್ನು ಬಿಸಿಲಿನ ಕಾರಣಕ್ಕೆ ಅಂದೇ 20ಕ್ಕೆ ಮುಂದೂಡಿದರು. ಆದ್ದರಿಂದ ಪ್ರದರ್ಶನದ ಮರುದಿನ ಬೆಳಿಗ್ಗೆಯೇ ಹೊರಡುವ ವಿಮಾನ ಹಿಡಿಯಬೇಡಿ.

ಎಂಟು ಗಂಟೆಯ ದಣಿವಿಗೆ ಮೈ ಸಿದ್ಧಮಾಡುವುದು

ಗೇಟಿನ ಸಾಲು, ಆರಂಭದ ಬೇರೆ ಗಾಯಕರು, ಮುಖ್ಯ ಪ್ರದರ್ಶನ, ಹೊರಬರುವ ನೂಕುನುಗ್ಗಲು ಸೇರಿದರೆ ಏಳೆಂಟು ಗಂಟೆ. ರಿಯೊದಲ್ಲಿ ನವೆಂಬರ್ 17ರ ರಾತ್ರಿ ವಿಪರೀತ ಸೆಕೆಯ ನಡುವೆ ಯುವತಿಯೊಬ್ಬರು ಕುಸಿದುಬಿದ್ದು ಪ್ರಾಣ ಕಳೆದುಕೊಂಡರು. ಒಳಗೆ ನೀರಿನ ಬಾಟಲಿ ತರಲು ಬಿಡದಿದ್ದುದು ದೊಡ್ಡ ಆಕ್ರೋಶಕ್ಕೆ ಕಾರಣವಾಯಿತು. ನೀರು ಕೇಳಲು ಸಂಕೋಚ ಬೇಡ, ತಡೆಗಂಬಿಯ ಬಳಿಯ ಸಿಬ್ಬಂದಿಗೆ ಕೈಸನ್ನೆ ಮಾಡಿದರೂ ಸಾಕು. ಹೊರಗಿನ ಸಾಲಿನಲ್ಲಿದ್ದಾಗಲೇ ಗಂಟೆಗೆ ಅರ್ಧ ಲೀಟರಿನಂತೆ ಕುಡಿಯಿರಿ, ಬೆವರು ಹೆಚ್ಚಿದ್ದರೆ ಓಆರ್‌ಎಸ್ ಬೆರೆಸಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ. ಶೌಚಾಲಯಕ್ಕೆ ಹೋಗಿ ಜಾಗ ಕಳೆದುಕೊಳ್ಳುವ ಭಯದಿಂದ ನೀರು ಬಿಡುವವರೇ ಮುಂದಿನ ಸಾಲಿನಲ್ಲಿ ತಲೆಸುತ್ತಿ ಬೀಳುವುದು. ವಯಸ್ಸಾದವರು, ಗರ್ಭಿಣಿಯರು, ಮಕ್ಕಳು ಇದ್ದರೆ ಸೀಟಿರುವ ಟಿಕೆಟನ್ನೇ ತೆಗೆದುಕೊಳ್ಳಿ. ಬ್ಯಾಗ್ ಎ4 ಹಾಳೆಯ ಅಳತೆ ಮೀರದಿರಲಿ, ವೆಂಬ್ಲಿಯ ನಿಯಮ ಇದು.

ಕಿವಿಯ ವಿಷಯದಲ್ಲಿ ನಮಗೆ ರಾಜಿಯಿಲ್ಲ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆದುಕೊಳ್ಳಬಹುದು. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ, 100 ಡೆಸಿಬಲ್‌ಗೆ 15 ನಿಮಿಷವಷ್ಟೇ. ಮಂದ್ರದ ಸ್ಪೀಕರ್‌ಗಳು ವೇದಿಕೆಯ ಬುಡದಲ್ಲಿರುವುದರಿಂದ ಮುಂದಿನ ಸಾಲಿನವರಿಗೆ ಪೆಟ್ಟು ಹೆಚ್ಚು, ಜೊತೆಗೆ ಪಕ್ಕದವರ ಕಿರುಚಾಟ. ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಇರುವ ಇಯರ್‌ಪ್ಲಗ್ 15ರಿಂದ 20 ಡೆಸಿಬಲ್ ಇಳಿಸುತ್ತದೆ, ಹಾಡಿನ ಬಣ್ಣ ಕೆಡುವುದಿಲ್ಲ. ಫೋಮ್‌ನದ್ದಾದರೆ ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಉಬ್ಬುವ ತನಕ 30 ಸೆಕೆಂಡ್ ಒತ್ತಿಹಿಡಿಯಿರಿ. ಹೊರಗೆ ಅರ್ಧ ಇಣುಕುತ್ತಿದ್ದರೆ ಅದು ಕೆಲಸ ಮಾಡುತ್ತಿಲ್ಲ. ಚಿಕ್ಕ ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕು. ಕಾರ್ಯಕ್ರಮದ ಬಳಿಕ ಒಂದು ಕಿವಿ ಏಕಾಏಕಿ ಕೇಳದಾದರೆ ಅಂದೇ ವೈದ್ಯರನ್ನು ಕಾಣಬೇಕು. ಚಿಕಿತ್ಸೆಗೆ ಮೊದಲ ದಿನಗಳೇ ಮುಖ್ಯ.

ಮುಂಗೈಗೆ ಕೊಡುವ ಮಿನುಗುವ ಪಟ್ಟಿಯನ್ನು ತೋಳಿನ ಬಟ್ಟೆಯ ಒಳಗೆ ಬಿಡಬೇಡಿ. ಎರಾಸ್‌ನಂಥ ಕಾರ್ಯಕ್ರಮಗಳಲ್ಲಿ ಅವಕ್ಕೆ ಆಜ್ಞೆ ಹೋಗುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ, ಟಿ.ವಿ. ರಿಮೋಟಿನ ಹಾಗೆ. ಬಟ್ಟೆ ಅಡ್ಡ ಬಂದರೆ ಇಡೀ ಗ್ಯಾಲರಿ ಬೆಳಗಿದರೂ ನಿಮ್ಮದು ಕತ್ತಲೆಯಲ್ಲೇ ಇರುತ್ತದೆ.

ಹೊರಬರುವುದು

ಕೊನೆಯ ಹಾಡು ಮುಗಿದೊಡನೆ ಎಲ್ಲರೂ ಒಂದೇ ಮೆಟ್ರೊ ನಿಲ್ದಾಣಕ್ಕೆ ನುಗ್ಗುತ್ತಾರೆ. ಸಿಂಗಪುರದಲ್ಲಿ ಅದು ಸರ್ಕಲ್ ಲೈನಿನ ಸ್ಟೇಡಿಯಂ ನಿಲ್ದಾಣ. ಕಲ್ಲಾಂಗ್, ಮೌಂಟ್‌ಬ್ಯಾಟನ್ ಎರಡೂ ಕಾಲ್ನಡಿಗೆಯ ದೂರದಲ್ಲಿವೆ, 2024ರ ಜೂನ್‌ನಿಂದ ತಂಜೊಂಗ್ ರು ನಿಲ್ದಾಣವೂ ತೆರೆದಿದೆ. ವೆಂಬ್ಲಿಯಲ್ಲಿ ಜನಸಾಗರ ವೆಂಬ್ಲಿ ಪಾರ್ಕ್ ಕಡೆ ಹರಿಯುವಾಗ ವೆಂಬ್ಲಿ ಸೆಂಟ್ರಲ್ ಕಡೆ ತಿರುಗಬಹುದು, ಮ್ಯಾರಿಲಿಬೋನ್‌ಗೆ ಹೋಗುವವರಿಗೆ ವೆಂಬ್ಲಿ ಸ್ಟೇಡಿಯಂ ರೈಲು ನಿಲ್ದಾಣವಿದೆ. ಮಧ್ಯಾಹ್ನವೇ ಆ ದಾರಿ ಒಮ್ಮೆ ನಡೆದು ನೋಡಿ, ಕೊನೆಯ ರೈಲಿನ ಹೊತ್ತನ್ನು ಫೋನಿನಲ್ಲಲ್ಲ, ಕಾಗದದಲ್ಲಿ ಬರೆದು ಜೇಬಿನಲ್ಲಿಡಿ. ಜೊತೆಯವರು ತಪ್ಪಿಹೋದರೆ ಸೇರುವ ಜಾಗವನ್ನು ಗೇಟಿನ ಸಂಖ್ಯೆಯಿಂದಲೇ ಗೊತ್ತುಮಾಡಿಕೊಳ್ಳಿ. ‘ಅಂಗಡಿಯ ಹತ್ತಿರ’ ಎಂದರೆ ಅದೇ ಹೆಸರಿನ ಅಂಗಡಿ ಇನ್ನೊಂದು ಬದಿಯಲ್ಲೂ ಇರುತ್ತದೆ.