ಅಂಗೈಯ ಕಾಲಾಳಿಗೆ ಬಣ್ಣಗಾರಿಕೆ

ಪೆಟ್ಟಿಗೆ ತೆರೆದರೆ ಸೈನಿಕರು ಕಾಣುವುದಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೈ, ಕಾಲು, ತಲೆ, ಬಂದೂಕುಗಳು ಬಿಡಿಬಿಡಿಯಾಗಿ ನೇತಾಡುತ್ತಿರುತ್ತವೆ. 1987ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಹೊರತಂದ ‘ವಾರ್‌ಹ್ಯಾಮರ್ 40,000’ ಎಂಬ ಮೇಜಿನ ಮೇಲಿನ ಯುದ್ಧದಾಟದ ಕಾಲಾಳುಗಳಿವರು. ನನಗೆ ಇಷ್ಟವಾದವರು ‘ಡೆತ್ ಕೋರ್ ಆಫ್ ಕ್ರೀಗ್’ ಪಡೆಯವರು: ಉದ್ದನೆಯ ಕೋಟು, ಮುಖ ಮುಚ್ಚಿದ ಅನಿಲ ಮುಖವಾಡ. ಕಥೆ ದೂರದ ಭವಿಷ್ಯದ್ದಾದರೂ ವೇಷ ಮೊದಲ ಮಹಾಯುದ್ಧದ ಕಂದಕಗಳದ್ದು. ನಿಂತರೆ ಮೂರು ಸೆಂಟಿಮೀಟರಿನ ಆಸುಪಾಸು.

ತುಂಡುಗಳನ್ನು ಚೌಕಟ್ಟಿನಿಂದ ಕತ್ತರಿಸುವಾಗ ಸ್ವಲ್ಪ ಬಿಟ್ಟೇ ಕತ್ತರಿಸಿ, ಉಳಿದದ್ದನ್ನು ಚಾಕುವಿನಿಂದ ಸವರಿ ತೆಗೆಯಿರಿ. ಅಚ್ಚಿನ ಎರಡು ಭಾಗ ಕೂಡಿದಲ್ಲಿ ಸಣ್ಣ ಏಣು ಉಳಿದಿರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಕೆರೆಯದಿದ್ದರೆ ಬಣ್ಣ ಬಿದ್ದ ಮೇಲೆ ಹೊಲಿಗೆ ಬಿಟ್ಟಂತೆ ಎದ್ದು ಕಾಣುತ್ತದೆ. ಜೋಡಿಸಲು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟೇ ಬೇಕು. ಆಮೇಲೆ ಬೊಂಬೆಯನ್ನು ಔಷಧಿ ಸೀಸೆಯ ಮುಚ್ಚಳಕ್ಕೆ ಅಂಟಿಸಿಕೊಂಡರೆ ಮುಚ್ಚಳವೇ ಹಿಡಿಕೆ. ಬೆರಳಿನ ಎಣ್ಣೆ ಬಣ್ಣಕ್ಕೆ ತಾಗುವುದಿಲ್ಲ.

ಮುಂದಿನದು ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಲೇಪ. ಇಲ್ಲಿಯೇ ಉಡುಪಿಯವರು ಜಾಗ್ರತೆಯಾಗಿರಬೇಕು. ಕಲಿಸಿಕೊಡುವ ವಿಡಿಯೊಗಳಲ್ಲೆಲ್ಲ ಸ್ಪ್ರೇ ಡಬ್ಬಿಯೇ. ಅದನ್ನು ನಂಬಿ ನಾನು ಒಂದು ಜೂನ್ ತಿಂಗಳಲ್ಲಿ, ಮಳೆ ಅರ್ಧ ಗಂಟೆ ಬಿಡುವು ಕೊಟ್ಟಾಗ, ತಾರಸಿಗೆ ಓಡಿ ಹತ್ತು ಮಂದಿ ಸೈನಿಕರಿಗೂ ಸ್ಪ್ರೇ ಹೊಡೆದೆ. ಒಣಗಿದ ಮೇಲೆ ನೋಡಿದರೆ ಎಲ್ಲರ ಮೈಮೇಲೆ ಅಕ್ಕಿಹಿಟ್ಟು ಉದುರಿಸಿದಂಥ ತರಿ. ಗಾಳಿಯಲ್ಲಿ ಅಷ್ಟು ತೇವವಿರುವಾಗ ಸ್ಪ್ರೇ ಹೀಗೆ ಕೈಕೊಡುತ್ತದೆ. ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಆ ಹತ್ತು ಮಂದಿ ಈಗ ನನ್ನ ಹಿಮಪ್ರದೇಶದ ತುಕಡಿ. ಮಳೆಗಾಲದಲ್ಲಿ ಬ್ರಷ್‌ನಿಂದ ಹಚ್ಚುವ ಕಪ್ಪು ಪ್ರೈಮರ್ ಬಳಸಿ, ಒಂದು ರಾತ್ರಿ ಬಿಡಿ.

ಕಪ್ಪು ಒಣಗಿದ ಮೇಲೆ ತಿಳಿ ಬೂದು ಬಣ್ಣವನ್ನು ದಪ್ಪ ಬ್ರಷ್‌ಗೆ ತಾಗಿಸಿ, ಬಟ್ಟೆಗೆ ಒರೆಸಿ, ಬಹುತೇಕ ಒಣಗಿದ ಆ ಬ್ರಷ್‌ನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಸವರಿ. ಶಿರಸ್ತ್ರಾಣ, ಹೆಗಲು, ಕೋಟಿನ ಮಡಿಕೆಯ ಏರುಗಳು ಬೆಳಗುತ್ತವೆ, ಅಡಿಭಾಗ ಕಪ್ಪಾಗಿಯೇ ಉಳಿಯುತ್ತದೆ. ಇಷ್ಟು ಚಿಕ್ಕ ಮೈಮೇಲೆ ನಿಜವಾದ ಬೆಳಕಿಗೆ ನೆರಳು ಬೀಳಿಸಲು ಜಾಗವಿಲ್ಲ, ನಾವೇ ಬರೆಯಬೇಕು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕುಳಿತು ರಾಕ್ಷಸ ಪಾತ್ರದ ಬಣ್ಣದ ವೇಷದ ಮುಖವನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸತಲ್ಲ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಇಟ್ಟ ಬಿಳಿ ಚುಟ್ಟಿ, ಕಣ್ಣಿನ ಸುತ್ತಲಿನ ಕಪ್ಪು ಎಲ್ಲವೂ ಅಲ್ಲಿ ಅತಿಯೆನಿಸುತ್ತದೆ. ಅದೇ ಮುಖ ರಂಗಸ್ಥಳಕ್ಕೆ ಬಂದಾಗ ಹಿಂದಿನ ಸಾಲಿಗೂ ಸರಿಯಾಗಿ ತಲುಪುತ್ತದೆ. ಕೈಯಲ್ಲಿ ಹಿಡಿದಾಗ ಅತಿಯಾಯಿತೆನಿಸಿದ ಬೊಂಬೆಯೇ ಮೇಜಿನ ಆಚೆ ಬದಿಗೆ ಕಾಣುವುದು.

ಈಗ ಬಣ್ಣ. ಅಕ್ರಿಲಿಕ್‌ಗೆ ನೀರು ಬೆರೆಸುವ ಹದ ಕೇಳಿದವರಿಗೆ ನನ್ನ ಉತ್ತರ ಒಂದೇ: ನೀರುದೋಸೆಯ ಹಿಟ್ಟು. ಉದ್ದಿನ ದೋಸೆಯ ಹಿಟ್ಟಿನಷ್ಟು ಗಟ್ಟಿಯಾದರೆ ಕೋಟಿನ ಗುಂಡಿಗಳೆಲ್ಲ ಮುಳುಗಿಹೋಗುತ್ತವೆ. ತೆಳುವಾಗಿ ಎರಡು ಸಲ ಹಚ್ಚಿ. ಬಣ್ಣ ಬೇಗ ಒಣಗದಿರಲು ಊಟದ ಡಬ್ಬಿಯಲ್ಲಿ ಒದ್ದೆ ಸ್ಪಂಜ್ ಹಾಸಿ, ಮೇಲೆ ಬೇಕರಿಯವರು ಬಳಸುವ ಬೆಣ್ಣೆ ಕಾಗದ ಹರಡಿ ಅದರ ಮೇಲೆಯೇ ಕಲಸಿ. ಮಳೆಗಾಲದಲ್ಲಿ ಸ್ಪಂಜ್‌ಗೆ ಬೂಸ್ಟು ಹಿಡಿಯುತ್ತದೆ, ಎರಡು ದಿನಕ್ಕೊಮ್ಮೆ ತೊಳೆಯಿರಿ. ಕೋಟಿಗೆ ಕೆಸರಿನ ಛಾಯೆಯ ಖಾಕಿ, ಚರ್ಮದ ಪಟ್ಟಿಗೆ ಕಂದು, ಬಂದೂಕಿಗೆ ಮಂಕು ಲೋಹ. ಮೂರ್ನಾಲ್ಕು ಬಣ್ಣ ಸಾಕು. ಕಡುಕೆಂಪು ಹಾಕಿದಿರೋ, ಸೈನಿಕ ಬ್ಯಾಂಡ್‌ಸೆಟ್ಟಿನವನಾಗುತ್ತಾನೆ.

ಒಣಗಿದ ಮೇಲೆ ತೆಳು ಕಪ್ಪುಗಂದು ವಾಷ್, ಅಂದರೆ ನೀರಿನಂತೆ ಹರಿಯುವ ಬಣ್ಣ, ಹರಿಸಿ. ಅದು ತಾನಾಗಿಯೇ ಸಂದುಗಳಿಗೆ ಇಳಿಯುತ್ತದೆ. ಬೇಡದ ಕಡೆ ನಿಂತದ್ದನ್ನು ಒಣ ಬ್ರಷ್‌ನ ತುದಿಯಿಂದ ಹೀರಿ ತೆಗೆಯಿರಿ. ಮಳೆಗಾಲದ ಆಟಿ ತಿಂಗಳಲ್ಲಿ ಇದು ಒಣಗಲು ತಾಳ್ಮೆ ಬೇಕು. ನಂತರ ಖಾಕಿಗೆ ಸ್ವಲ್ಪ ಬಿಳಿ ಬೆರೆಸಿ ಮಡಿಕೆಗಳ ಅಂಚಿಗಷ್ಟೇ ಗೆರೆ ಎಳೆಯಿರಿ.

ಮುಖವಾಡದ ಕಣ್ಣುಗಾಜಿಗೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಇಡೀ ಗಾಜಿಗೆ ಕಡುಹಸಿರು. ಕೆಳಗಿನ ಅರ್ಧಕ್ಕೆ, ಬಿದಿಗೆ ಚಂದ್ರನ ಆಕಾರದಲ್ಲಿ, ತಿಳಿಹಸಿರು. ಮೇಲಿನ ಕಡುಹಸಿರು ಮೂಲೆಯಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆ. ಉಸಿರು ಬಿಗಿಹಿಡಿದು, ಎರಡೂ ಮುಂಗೈಗಳನ್ನು ಮೇಜಿಗೆ ಊರಿ ಇಡಿ. ಚುಕ್ಕೆ ಕೂತ ಕೂಡಲೇ ಪ್ಲಾಸ್ಟಿಕ್ ನಿಮ್ಮನ್ನು ನೋಡತೊಡಗುತ್ತದೆ.

ಇನ್ನು ಕೊಳೆ. ಸ್ಪಂಜಿನ ಚೂರಿಗೆ ಕಡುಗಂದು ತಾಗಿಸಿ, ಕಾಗದಕ್ಕೆ ಒತ್ತಿ, ಶಿರಸ್ತ್ರಾಣದ ಅಂಚಿಗೆ ತಟ್ಟಿದರೆ ಬಣ್ಣ ಕಿತ್ತಂತೆ ಕಾಣುತ್ತದೆ. ಕಾಲಡಿಯ ನೆಲಕ್ಕೆ ಅಂಗಡಿಯಿಂದ ಏನನ್ನೂ ತರಬೇಕಿಲ್ಲ. ನಮ್ಮೂರಿನ ಕೆಂಪು ಮುರಕಲ್ಲಿನ ಪುಡಿಯನ್ನು ಮರದ ಅಂಟಿನ ಮೇಲೆ ಉದುರಿಸಿ. ಅದರ ಚೂರುಗಳೇ ಬಂಡೆ. ಮಲ್ಪೆ ಕಡಲತೀರದ ಮರಳಾದರೆ ಉಪ್ಪು ಹೋಗುವಂತೆ ತೊಳೆದು ಬಾಣಲೆಯಲ್ಲಿ ಒಣಗಿಸಿ. ನಮ್ಮ ಮನೆಯಲ್ಲಿ ಅದಕ್ಕೆಂದೇ ಬೇರೆ ಬಾಣಲೆ ಇದೆ, ಹೇಗೆ ಬಂತೆಂದು ಕೇಳಬೇಡಿ. ಅದೇ ಕೆಂಪು ಪುಡಿಯನ್ನು ಕೋಟಿನ ಕೆಳಗಿನ ಅಂಚಿಗೂ ಉಜ್ಜಿ, ಇಲ್ಲವಾದರೆ ಸೈನಿಕ ಒಂದು ಊರಿನವನು, ನೆಲ ಇನ್ನೊಂದು ಊರಿನದು.

ಕೊನೆಗೆ ಹೊಳಪಿಲ್ಲದ ವಾರ್ನಿಷ್, ಇದೂ ಬ್ರಷ್‌ನಿಂದಲೇ. ಕಣ್ಣುಗಾಜಿಗೆ ಮಾತ್ರ ಹೊಳಪಿನ ವಾರ್ನಿಷ್‌ನ ಒಂದೊಂದು ತೊಟ್ಟು.